ಬೆಳಗಾವಿಯಿಂದ ಹೈವೇಗೆ ಮೊದಲ ಸಲ ಬೈಕ್ ಇಳಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚನ್ನಮ್ಮ ಸರ್ಕಲ್‌ನ ಗದ್ದಲದಲ್ಲಿ ಗಾಡಿ ಓಡಿಸಿದವನಿಗೆ ಹೈವೇ ಯಾವ ಲೆಕ್ಕ ಅಂತ ನಾನೂ ಅಂದುಕೊಂಡಿದ್ದೆ. ಹಲಗಾ ದಾಟಿ ಹತ್ತು ನಿಮಿಷಕ್ಕೆ ಆ ಧಿಮಾಕು ಇಳಿಯಿತು. ಅಂದಿನಿಂದ ಗೆಳೆಯರ ಮಕ್ಕಳು, ಆಫೀಸಿಗೆ ಹೊಸದಾಗಿ ಸೇರಿದ ಹುಡುಗರು, ಸ್ಕೂಟಿ ಬಿಟ್ಟು ಬೈಕ್ ಹಿಡಿದ ಅಕ್ಕಂದಿರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಹಾಗೇ ಬರೆದಿದ್ದೇನೆ.

## ಹೊರಡುವ ಮುಂಚೆ

"ನಂದು 110 ಸಿಸಿ ಗಾಡಿ. ಹೈವೇಕ್ಕ ತಗೊಂಡ ಹೋಗಬಹುದೇನ್ರಿ?"

ಧಾರಾಳವಾಗಿ. ಪುಣೆ–ಬೆಂಗಳೂರು ರಸ್ತೆ, ಅಂದರೆ ಹಳೇ ಎನ್‌ಎಚ್ 4, ಈಗಿನ ಎನ್‌ಎಚ್ 48, ನಮ್ಮ ಭಾಗದಲ್ಲಿ ಬೈಕಿಗೆ ಮುಕ್ತ. 2023ರ ಆಗಸ್ಟ್ 1ರಿಂದ ಬೈಕ್ ಬಂದ್ ಮಾಡಿದ್ದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ. ಆ ಸುದ್ದಿ ಕೇಳಿ ಇಲ್ಲೂ ಹಾಗೇ ಅಂತ ಕೆಲವರು ತಿಳಿದಿದ್ದಾರೆ.

ಆದರೆ ಸಣ್ಣ ಎಂಜಿನ್ನಿನ ಒಂದು ಕೊರತೆ ತಿಳಿದಿರಲಿ. 60ರಲ್ಲಿ ಅದು ಆರಾಮಾಗಿ ಓಡುತ್ತದೆ. 70ರಲ್ಲಿ ಇದ್ದಾಗ ಆಕ್ಸಿಲರೇಟರ್ ಇನ್ನಷ್ಟು ತಿರುವಿದರೆ ಸದ್ದು ಬರುತ್ತದೆ, ವೇಗ ಬರುವುದಿಲ್ಲ. ಹಿಂದೆ ಒಬ್ಬರು ಕೂತು, ಎದುರುಗಾಳಿಯಲ್ಲಿ ನಿಪ್ಪಾಣಿ ಕಡೆಯ ತವಂದಿ ಘಾಟ್ ಏರುವಾಗ ಗೇರ್ ಇಳಿಸಲೇಬೇಕಾಗುತ್ತದೆ. ಅಂಥ ಗಾಡಿಯಲ್ಲಿ ಓವರ್‌ಟೇಕ್ ಆಸೆಯನ್ನು ಮನೆಯಲ್ಲೇ ಇಟ್ಟು ಹೊರಡಿ.

"ಎಲ್ ಬೋರ್ಡ್ ಐತಿ. ಹೋದ್ರ ನಡೀತದೇನು?"

ಬೇಡ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕ 30 ದಿನಕ್ಕೆ ಟೆಸ್ಟ್ ಕೊಡಬಹುದು, ಆರು ತಿಂಗಳು ಅದರ ಆಯುಷ್ಯ. ಒಂದು ತಿಂಗಳು ಕಾಯೋದು ಕಷ್ಟ ಏನಲ್ಲ. ಎಲ್ ಬೋರ್ಡ್ ಇರುವಾಗ ಗೆಳೆಯನನ್ನು ಹಿಂದೆ ಕೂಡಿಸಿಕೊಂಡು ತಿರುಗುವ ಹಾಗೂ ಇಲ್ಲ. ಗೇರ್ ಇಲ್ಲದ ಗಾಡಿಯ ಲೈಸೆನ್ಸ್‌ನಲ್ಲಿ ಬೈಕ್ ಓಡಿಸೋದೂ ತಪ್ಪು. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡೋದು ಅದನ್ನೇ.

"ಎಷ್ಟು ದಿನ ಊರಾಗ ಓಡಿಸಿದ ಮ್ಯಾಲ ಹೈವೇಕ್ಕ ಹೋಗಬೇಕು?"

ದಿನದ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಎರಡು ವರ್ಷ ಓಡಿಸಿಯೂ ಮುಂದಿನ ಬ್ರೇಕ್ ಮುಟ್ಟದವರು ಇದ್ದಾರೆ. ಮೂರು ಕೆಲಸ ಬರುತ್ತವಾ ನೋಡಿಕೊಳ್ಳಿ.

ಒಂದು, ಬಲ ಭುಜದ ಮೇಲಿಂದ ಹಿಂದೆ ತಿರುಗಿ ನೋಡಿದಾಗ ಗಾಡಿ ಬಲಕ್ಕೆ ಜಾರಬಾರದು. ಎರಡು, ಕೆಳಗೆ ನೋಡದೆ ಗೇರ್ ಬದಲಿಸಬೇಕು. ಮೂರನೆಯದೇ ದೊಡ್ಡದು: 50ರ ವೇಗದಿಂದ ಗಾಡಿಯನ್ನು ನೆಟ್ಟಗೆ, ಜಾರದ ಹಾಗೆ ನಿಲ್ಲಿಸಬೇಕು. ಖಾಲಿ ಲೇಔಟಿನ ರಸ್ತೆಯಲ್ಲಿ ಒಂದು ಇಟ್ಟಂಗಿ ಇಟ್ಟು ಅಭ್ಯಾಸ ಮಾಡಿ. ಇಟ್ಟಂಗಿ ಹತ್ತಿರ ಬಂದ ಕೂಡಲೇ ಎರಡೂ ಬ್ರೇಕ್. ಮುಂದಿನದನ್ನು ಗಪ್ಪನೆ ಹಿಡಿಯಬೇಡಿ, ನಿಂಬೆಹಣ್ಣು ಹಿಂಡುವ ಹಾಗೆ ಹಿಂಡುತ್ತಾ ಹೋಗಿ. ಗಾಡಿಯ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬಿದ್ದ ಮೇಲೆ ಅದು ನೆಲ ಕಚ್ಚಿ ಹಿಡಿಯುತ್ತದೆ. ಬೈಕ್ ನಿಲ್ಲಿಸುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಮುಂದಿನ ಬ್ರೇಕಿನದು. "ಮುಂದಿನ ಬ್ರೇಕ್ ಹಿಡದ್ರ ಪಲ್ಟಿ ಆಗ್ತೀ" ಅಂತ ನಮ್ಮಲ್ಲಿ ಎಲ್ಲ ಕಾಕಾಗಳೂ ಹೇಳುತ್ತಾರೆ. ಪಲ್ಟಿ ಆಗೋದು ಗಪ್ಪನೆ ಹಿಡಿದಾಗ, ಇಲ್ಲಾ ಹ್ಯಾಂಡಲ್ ತಿರುಗಿಸಿಕೊಂಡು ಹಿಡಿದಾಗ.

2019ರ ಏಪ್ರಿಲ್ ನಂತರ ಬಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಅದು ಚಕ್ರ ಲಾಕ್ ಆಗದಂತೆ ತಡೆಯುತ್ತದೆ. ನಿಮ್ಮದು ಅದಕ್ಕಿಂತ ಸಣ್ಣದಿದ್ದರೆ ಆ ಕೆಲಸ ನಿಮ್ಮ ಬೆರಳುಗಳೇ ಮಾಡಬೇಕು.

"ಮೊದಲ ಸಲ ಎಲ್ಲಿ ತನಕ ಹೋಗಲಿ?"

ಭಾನುವಾರ, ಬೆಳಕು ಚೆನ್ನಾಗಿ ಹರಿದ ಮೇಲೆ, ಹಿರೇಬಾಗೇವಾಡಿ ತನಕ. ಸುಮಾರು 20 ಕಿ.ಮೀ. ಅಲ್ಲಿ ಚಹಾ ಕುಡಿದು ವಾಪಸ್ ಬನ್ನಿ, ಅಷ್ಟೇ. ಎರಡನೇ ಸಲ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸೇತುವೆ ದಾಟಿ ಕಿತ್ತೂರು. ಕೋಟೆ ಒಂದು ಸುತ್ತು ಹಾಕಿದರೆ ಕಾಲೂ ಸಡಿಲ ಆಗುತ್ತವೆ. ಇದು ಅಗಲವಾದ, ಹೆಚ್ಚು ತಿರುವಿಲ್ಲದ ರಸ್ತೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ನಮ್ಮ ಜಿಲ್ಲೆಯಲ್ಲಿ ಇಲ್ಲ.

ಸಂಕೇಶ್ವರ–ನಿಪ್ಪಾಣಿ ಕಡೆ ಮೊದಲೇ ಹೋಗಬೇಡಿ. ತವಂದಿ ಘಾಟಿನಲ್ಲಿ ಇಳಿಜಾರು, ತಿರುವು, ಭಾರದ ಲಾರಿ ಮೂರೂ ಒಟ್ಟಿಗೆ ಎದುರಾಗುತ್ತವೆ. ಖಾನಾಪುರ, ಅನಮೋಡ ಮೂಲಕ ಗೋವಾ ಅಂತೂ ಮೊದಲ ತಿಂಗಳು ಬಾಯಲ್ಲೂ ತರಬೇಡಿ.

"ಜಾಕೆಟ್, ಗ್ಲೌಸು ಎಲ್ಲಾ ಬೇಕಾ? ಅಷ್ಟು ದುಡ್ಡಿಲ್ಲಣ್ಣ."

ಹಾಗಾದರೆ ಸರದಿಯಲ್ಲಿ ತಗೊಳ್ಳಿ. ಮೊದಲು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಐಎಸ್ 4151 ಅಂತ ಗುರುತು ಇರುವುದು. ರಸ್ತೆ ಬದಿಯ ಟೋಪಿಯಂಥದ್ದು ಪೊಲೀಸರನ್ನು ನೋಡಿ ಹಾಕಿಕೊಳ್ಳೋಕೆ ಮಾತ್ರ. ಪಟ್ಟಿ ಬಿಗಿಯದ ಹೆಲ್ಮೆಟ್ ತಲೆಗಿಂತ ಮುಂಚೆ ನೆಲಕ್ಕೆ ಬೀಳುತ್ತದೆ. ಆಮೇಲೆ ಗ್ಲೌಸು, ಯಾಕಂದರೆ ಬಿದ್ದವರೆಲ್ಲ ಮೊದಲು ಊರೋದು ಅಂಗೈ. ಮೂರನೆಯದು ಕಣಕಾಲು ಮುಚ್ಚುವ ಶೂ. ಚಪ್ಪಲಿ ಬೇಡವೇ ಬೇಡ. ಜಾಕೆಟ್ ಮುಂದಿನ ಬೋನಸ್‌ಗೆ ಇರಲಿ, ಅಲ್ಲಿ ತನಕ ದಪ್ಪ ಜೀನ್ಸ್ ಬಟ್ಟೆಯ ಅಂಗಿ.

ಹೆಲ್ಮೆಟ್ಟಿನ ಗಾಜಿನ ಬೆಲೆ ಗೊತ್ತಾಗೋದು ಸಂಜೆ ಹೊತ್ತು, 60ರಲ್ಲಿ ಒಂದು ದುಂಬಿ ಬಂದು ಹೊಡೆದಾಗ.

"ಗಾಡಿ ಈಗಷ್ಟ ಸರ್ವೀಸ್ ಮಾಡಿಸೀನಿ. ಮತ್ತ ಏನು ನೋಡಬೇಕು?"

ಸರ್ವೀಸ್ ಆದ ಮೇಲೇ ಜಾಸ್ತಿ ನೋಡಬೇಕು. ಒಂದು ಸಲ ಗ್ಯಾರೇಜಿನಿಂದ ಸೀದಾ ಹೈವೇಗೆ ಹೋದೆ. ಕಿತ್ತೂರು ಹತ್ತಿರ ಗಾಡಿಯ ಹಿಂಭಾಗ ಮೀನಿನ ಬಾಲದ ಹಾಗೆ ಆಡತೊಡಗಿತು. ಪಂಕ್ಚರ್ ಅಂತ ನಿಲ್ಲಿಸಿದರೆ ಹಿಂದಿನ ಚಕ್ರದ ಅಚ್ಚಿನ ನಟ್ಟು ಕೈಯಲ್ಲೇ ತಿರುಗುತ್ತಿತ್ತು. ಚೈನ್ ಬಿಗಿದ ಹುಡುಗ ಅದನ್ನು ಟೈಟ್ ಮಾಡೋದು ಮರೆತಿದ್ದ. ಡಾಬಾ ಮುಂದೆ ನಿಂತ ಲಾರಿಯ ಡ್ರೈವರ್ ಸ್ಪ್ಯಾನರ್ ಕೊಟ್ಟ, ಬೈದ ಕೂಡ. ಅವತ್ತಿನಿಂದ ಹೊರಡುವ ಮುಂಚೆ ಎರಡೂ ಚಕ್ರದ ನಟ್ಟು ನಾನೇ ಮುಟ್ಟಿ ನೋಡುತ್ತೇನೆ.

ಗಾಳಿಯನ್ನು ಟೈರ್ ತಣ್ಣಗಿದ್ದಾಗ ಹಿಡಿಸಿ. ಎಷ್ಟು ಬೇಕು ಅನ್ನೋದು ಗಾಡಿ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಹಿಂದೆ ಯಾರಾದರೂ ಕೂತರೆ ಬೇರೆ ಅಂಕಿ. ಪಂಕ್ಚರ್ ಅಂಗಡಿಯವನ ಅಂದಾಜು ಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2321 ಅಂತಿದ್ದರೆ 2021ನೇ ವರ್ಷದ 23ನೇ ವಾರ ತಯಾರಾದದ್ದು. ಹಳೇ ಗಾಡಿ ತಗೊಂಡವರು ಅದನ್ನು ಮೊದಲು ಓದಿ. ಗೆರೆ ಚೆನ್ನಾಗಿದ್ದರೂ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಗಳಲ್ಲಿ ಇದನ್ನು ಬಹಳ ನೋಡಿದ್ದೇನೆ.

## ರಸ್ತೆಗೆ ಇಳಿದ ಮೇಲೆ

"ಸರ್ವೀಸ್ ರೋಡಿನಿಂದ ಹೈವೇಕ್ಕ ಸೇರುವಾಗ ಕೈ ನಡುಗ್ತಾವು. ಏನ ಮಾಡ್ಲಿ?"

ನಡುಗೋದು ನಿಧಾನ ಹೋಗಿ ಸೇರುವುದರಿಂದ. ಹೈವೇ ಸೇರುವ ಬಾಯಲ್ಲಿ ಬಂದು ನಿಂತು, 20ರಲ್ಲಿ ಒಳಗೆ ನುಗ್ಗಿದರೆ ಹಿಂದಿನಿಂದ 90ರಲ್ಲಿ ಬರುವ ಕಾರು ನಿಮ್ಮ ಬೆನ್ನಿಗೆ ಬಂದಂತೆ ಅನಿಸುತ್ತದೆ. ಸರ್ವೀಸ್ ರೋಡಿನಲ್ಲೇ ಮೂರನೇ ಗೇರಿನಲ್ಲಿ ವೇಗ ಹಿಡಿಯಿರಿ, ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಆಮೇಲೆ ಕತ್ತು ತಿರುಗಿಸಿ ಕಣ್ಣಾರೆ ನೋಡಿ. ಕನ್ನಡಿಯಲ್ಲಿ ಕಾಣದ ಜಾಗದಲ್ಲಿ ಒಂದು ಇಡೀ ಟೆಂಪೊ ಅಡಗುತ್ತದೆ. ಜಾಗ ಇಲ್ಲದಿದ್ದರೆ ಸುಮ್ನೆ ನಿಲ್ಲಿ. ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ.

ಇಂಡಿಕೇಟರ್ ಆಫ್ ಮಾಡೋದು ನೆನಪಿರಲಿ. ಐದು ಕಿಲೋಮೀಟರ್ ಬಲಕ್ಕೆ ಮಿಣುಕುತ್ತಾ ಹೋಗುವವರನ್ನು ಲಾರಿಯವರು ನಂಬೋದು ಬಿಟ್ಟಿದ್ದಾರೆ.

"ಎಡಕ್ಕ ಹೋದ್ರ ಟ್ರ್ಯಾಕ್ಟರ್, ಬಲಕ್ಕ ಹೋದ್ರ ಕಾರಿನವರ ಹಾರ್ನ್. ನಾವು ಎಲ್ಲಿ ಹೋಗಬೇಕ್ರಿ?"

ಎಡ ಲೇನೇ. ಆದರೆ ಅದರ ತೀರಾ ಎಡ ಅಂಚಿನಲ್ಲಿ ಅಲ್ಲ. ಕಾರಿನ ಬಲ ಚಕ್ರ ಉರುಳುವ ಜಾಗ ಇದೆಯಲ್ಲ, ಅಲ್ಲಿ ಹೋಗಿ. ಅಂಚಿನಲ್ಲಿ ಉಸುಕು, ಕೆಟ್ಟು ನಿಂತ ಲಾರಿ, ಎದುರಿಗೇ ಬರುವ ರಾಂಗ್ ಸೈಡ್ ಬೈಕ್ ಇರುತ್ತವೆ. ಅಂಚಿಗೆ ಅಂಟಿಕೊಂಡರೆ ಹಿಂದಿನ ಕಾರಿನವನಿಗೂ ಅದೇ ಲೇನಿನಲ್ಲಿ ನಿಮ್ಮನ್ನು ಒತ್ತಿಕೊಂಡು ಹೋಗುವ ಆಸೆ ಬರುತ್ತದೆ.

ಮುಂದೆ ಟ್ರ್ಯಾಕ್ಟರ್ ಕಂಡರೆ ಅದರ ಬೆನ್ನಿಗೆ ಹೋಗಿ ನಿಂತು ಆಮೇಲೆ ಬಲಕ್ಕೆ ಬರಬೇಡಿ. ಅಷ್ಟೊತ್ತಿಗೆ ನಿಮ್ಮ ವೇಗ 30ಕ್ಕೆ ಬಿದ್ದಿರುತ್ತದೆ. 200 ಮೀಟರ್ ದೂರ ಇರುವಾಗಲೇ ಹಿಂದೆ ನೋಡಿ, ಲೇನ್ ಬದಲಿಸಿ, ದಾಟಿ, ಮತ್ತೆ ಎಡಕ್ಕೆ. ಡಿವೈಡರ್ ಪಕ್ಕದ ಲೇನಿನಲ್ಲಿ ಉಳಿಯಬೇಡಿ. ಅಲ್ಲಿ ಗಿಡಗಳ ಸಂದಿಯಿಂದ ಒಮ್ಮೆ ನಾಯಿ, ಒಮ್ಮೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಅಜ್ಜಿ ಬರುತ್ತಾರೆ. ರಸ್ತೆ ಬಂದು ಅವರ ಹೊಲ ಎರಡಾಗಿದೆ, ದಾಟದೆ ಅವರಿಗೂ ಗತಿ ಇಲ್ಲ.

"ಎಷ್ಟು ಸ್ಪೀಡ್ ಇಟ್ಟರ ಸೇಫ್?"

ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಇಟ್ಟ ಗರಿಷ್ಠ ಮಿತಿ 80. ಹೊಸಬರಿಗೆ ನನ್ನ ಮಿತಿ 65.

ಲೆಕ್ಕ ಸರಳ. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಏನೋ ಅಡ್ಡ ಬಂತು ಅಂತ ತಲೆಗೆ ಹೊಳೆದು ಕೈ ಬ್ರೇಕ್ ಮುಟ್ಟಲು ಒಂದು ಸೆಕೆಂಡ್ ಹಿಡಿದರೂ 22 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲಿನದು ಬೇರೆ. ವೇಗ ಎರಡು ಪಟ್ಟಾದರೆ ಆ ದೂರ ನಾಲ್ಕು ಪಟ್ಟು. ಅಂದರೆ 40ರಲ್ಲಿ 10 ಮೀಟರಿಗೆ ನಿಲ್ಲುವ ಗಾಡಿಗೆ 80ರಲ್ಲಿ 40 ಮೀಟರ್ ಬೇಕು.

ಅದಕ್ಕೇ ಮುಂದಿನ ಗಾಡಿ ಒಂದು ಕಂಬ ದಾಟಿದಾಗ "ಒಂದು ಸಾವಿರದ ಒಂದು, ಒಂದು ಸಾವಿರದ ಎರಡು" ಅಂತ ಎಣಿಸಿ. ಎಣಿಕೆ ಮುಗಿಯುವ ಮುಂಚೆ ನೀವು ಆ ಕಂಬಕ್ಕೆ ಬಂದರೆ ತೀರಾ ಹತ್ತಿರ ಇದ್ದೀರಿ. ಮಳೆಯಲ್ಲಿ ನಾಲ್ಕು ತನಕ ಎಣಿಸಿ.

"ಲಾರಿ ಪಕ್ಕ ಹೋದ್ರ ಗಾಡಿ ಎಳಕೊಂಡಂಗ ಆಗ್ತದ. ಯಾಕ?"

ಅದು ಗಾಳಿಯ ಆಟ. ನೀವು ಲಾರಿಯ ಬೆನ್ನ ಹಿಂದೆ ಬಂದಾಗ ಗಾಳಿ ಕಲಕಿ ಹೆಲ್ಮೆಟ್ ಅಲ್ಲಾಡುತ್ತದೆ. ಪಕ್ಕಕ್ಕೆ ಬಂದಾಗ ಲಾರಿ ಗೋಡೆಯಂತೆ ಗಾಳಿ ತಡೆಯುತ್ತದೆ, ಗಾಡಿ ಅದರ ಕಡೆ ವಾಲಿದಂತೆ ಆಗುತ್ತದೆ. ಮುಂಭಾಗ ದಾಟಿದ ಕೂಡಲೇ ಅದು ಸೀಳಿದ ಗಾಳಿ ಫಟ್ ಅಂತ ಹೊರಗೆ ದೂಡುತ್ತದೆ. ಈ ಮೂರು ಮೊದಲೇ ಗೊತ್ತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಕೈ ಸಡಿಲ ಬಿಡಿ. ಹ್ಯಾಂಡಲ್ ಬಿಗಿಯಾಗಿ ಹಿಡಿದಷ್ಟೂ ನಿಮ್ಮ ಮೈಯ ಅಲುಗಾಟವೇ ಚಕ್ರಕ್ಕೆ ಹೋಗುತ್ತದೆ. ಲಾರಿಗೂ ನಿಮಗೂ ಒಂದು ಬಾಗಿಲಿನಷ್ಟಾದರೂ ಅಂತರ ಇರಲಿ. ಪಕ್ಕದಲ್ಲಿ ಓಡುತ್ತಾ ಇರಬೇಡಿ: ಅದರ ಕನ್ನಡಿಯಲ್ಲಿ ಡ್ರೈವರನ ಮುಖ ನಿಮಗೆ ಕಾಣದಿದ್ದರೆ ಅವನಿಗೆ ನೀವೂ ಕಾಣುವುದಿಲ್ಲ.

ಗಾಳಿಯ ನಿಜವಾದ ಪಾಠ ಬೇಕಿದ್ದರೆ ವಿಜಯಪುರ–ಹುಬ್ಬಳ್ಳಿ ರಸ್ತೆಯಲ್ಲಿ ಕೃಷ್ಣೆಗೆ ಕಟ್ಟಿದ ಕೊರ್ತಿ–ಕೊಲ್ಹಾರ ಸೇತುವೆಗೆ ಹೋಗಿ. ಸುಮಾರು ಮೂರು ಕಿಲೋಮೀಟರ್, ಎರಡೂ ಕಡೆ ಆಲಮಟ್ಟಿ ಹಿನ್ನೀರು, ತಡೆಯೋಕೆ ಒಂದು ಗಿಡವೂ ಇಲ್ಲ. ಮಳೆಗಾಲದಲ್ಲಿ ಅಲ್ಲಿ ಗಾಡಿ ಸೀದಾ ಹೋಗಬೇಕೆಂದರೆ ಗಾಳಿ ಬರುವ ಕಡೆಗೆ ಕೊಂಚ ವಾಲಿಕೊಂಡೇ ಹೋಗಬೇಕು.

"ಬೈಕಿಗೆ ಟೋಲ್ ಕೊಡಬೇಕಾ?"

ಹಿರೇಬಾಗೇವಾಡಿ, ಹತ್ತರಗಿ ಟೋಲ್‌ಗಳಲ್ಲಿ ಬೈಕಿಗೆ ದುಡ್ಡಿಲ್ಲ. ಎಡ ತುದಿಯಲ್ಲಿ ಸಣ್ಣ ದಾರಿ ಬಿಟ್ಟಿರುತ್ತಾರೆ. ಅಲ್ಲಿ ಎಣ್ಣೆ ಸೋರಿ ನುಣುಪಾಗಿರುತ್ತದೆ, ಮೆಲ್ಲಗೆ.

## ಕಬ್ಬು, ಮಳೆ, ಮಂಜು

"ಕಬ್ಬಿನ ಸೀಸನ್ನಿನಾಗ ಅಡ್ಡಾಡೂದು ಹೆಂಗ?"

ನಮ್ಮ ಭಾಗದಲ್ಲಿ ಬೈಕಿನವರು ಕೇಳಲೇಬೇಕಾದ ಪ್ರಶ್ನೆ ಇದು. ದೀಪಾವಳಿ ಆಸುಪಾಸಿಗೆ ಕಾರ್ಖಾನೆ ಶುರುವಾದರೆ ಬೇಸಿಗೆ ಬರುವ ತನಕ ರಸ್ತೆ ಟ್ರ್ಯಾಕ್ಟರ್‌ಗಳದ್ದು. ಒಂದು ಎಂಜಿನ್ನಿಗೆ ಎರಡು ಟ್ರೇಲರ್, ಮೇಲೆ ಆಳೆತ್ತರ ಕಬ್ಬು, ಡ್ರೈವರನ ತಲೆ ಮೇಲೆ ದೊಡ್ಡ ಸ್ಪೀಕರ್. ನಿಮ್ಮ ಹಾರ್ನ್ ಅವನಿಗೆ ಕೇಳುವುದಿಲ್ಲ, ಕಬ್ಬಿನ ಮರೆಯಲ್ಲಿ ನೀವು ಕಾಣುವುದೂ ಇಲ್ಲ.

ಒಂದು ಸಂಜೆ ಎಂ.ಕೆ. ಹುಬ್ಬಳ್ಳಿ ದಾಟಿ ಬರುತ್ತಿದ್ದೆ. ಹೊತ್ತು ಮುಳುಗಿತ್ತು, ಪೂರ್ತಿ ಕತ್ತಲಾಗಿರಲಿಲ್ಲ. ಮುಂದಿನ ರಸ್ತೆ ಖಾಲಿ ಅಂತಲೇ ಕಂಡಿತು. ಆಮೇಲೆ ಆ ಖಾಲಿ ಜಾಗದಲ್ಲಿ ಒಂದು ಕಪ್ಪು ಚೌಕ ಸ್ವಲ್ಪ ಸ್ವಲ್ಪವೇ ದೊಡ್ಡದಾಗತೊಡಗಿತು. ಟ್ರೇಲರಿನ ಹಿಂಭಾಗ. ದೀಪ ಇಲ್ಲ, ರಿಫ್ಲೆಕ್ಟರ್ ಮೇಲೆ ಕಬ್ಬಿನ ರವದಿ, ಅಂದರೆ ಒಣ ಎಲೆ, ಜೋತು ಬಿದ್ದು ಮುಚ್ಚಿತ್ತು. ಓಡುತ್ತಿದೆಯೋ ನಿಂತಿದೆಯೋ ಅಂತಲೂ ತಿಳಿಯಲಿಲ್ಲ. 70ರಲ್ಲಿ ಇದ್ದವನು ಹೇಗೋ ನಿಲ್ಲಿಸಿದೆ, ಹೆಲ್ಮೆಟ್ ಗಾಜಿಗೆ ಕಬ್ಬಿನ ಎಲೆ ತಾಗುವಷ್ಟು ಹತ್ತಿರ.

ಆ ಸಂಜೆಯಿಂದ ಸೀಸನ್ನಿನಲ್ಲಿ ಹೊತ್ತು ಮುಳುಗಿದ ಮೇಲೆ ನಾನು 50 ದಾಟುವುದಿಲ್ಲ. ಎರಡು ಟ್ರೇಲರ್ ಇದ್ದರೆ ಹಿಂದಿನದು ತೂಗಾಡುತ್ತದೆ, ದಾಟುವಾಗ ಒಂದು ಪೂರ್ತಿ ಲೇನ್ ಬಿಟ್ಟು ದಾಟಿ. ರಸ್ತೆಯಲ್ಲಿ ಬಿದ್ದ ಜಲ್ಲೆ ಚಕ್ರದಡಿ ಉರುಳುತ್ತದೆ. ತಪ್ಪಿಸಲಾಗದಿದ್ದರೆ ಜಲ್ಲೆಗೆ ಅಡ್ಡಲಾಗಿ, ಗಾಡಿ ನೆಟ್ಟಗಿಟ್ಟು ಹತ್ತಿಸಿ, ಅದರ ಮೇಲೆ ಇರುವಾಗ ಬ್ರೇಕ್ ಬೇಡ. ಕಾರ್ಖಾನೆ ಗೇಟಿನ ಸುತ್ತಮುತ್ತ ರಸ ಸೋರಿ ರಸ್ತೆ ಅಂಟಂಟಾಗಿರುತ್ತದೆ.

"ಮಳಿಯಾಗ ಹೋಗಬೇಕಾ, ನಿಲ್ಲಬೇಕಾ?"

ಮೊದಲ ಹದಿನೈದು ನಿಮಿಷ ನಿಲ್ಲಿ. ಒಣಗಿದ ರಸ್ತೆಯ ಎಣ್ಣೆ, ಧೂಳು ಎಲ್ಲ ಮೇಲೆದ್ದು ಸಾಬೂನಿನಂತಾಗುವ ಹೊತ್ತು ಅದು. ಜೋರಾಗಿ ಸುರಿದು ತೊಳೆದ ಮೇಲೆ ಹಿಡಿತ ಪರವಾಗಿಲ್ಲ. ಬಿಳಿ ಪಟ್ಟೆ, ಸೇತುವೆ ಮೇಲಿನ ಕಬ್ಬಿಣದ ಜೋಡಣೆ, ಹೊಲದಿಂದ ಟ್ರ್ಯಾಕ್ಟರ್ ತಂದ ಕರಿ ಮಣ್ಣು, ಈ ಮೂರರ ಮೇಲೆ ತಿರುಗಿಸುವುದೂ ಬೇಡ, ಬ್ರೇಕೂ ಬೇಡ. ನಿಲ್ಲುವಾಗ ಫ್ಲೈಓವರ್ ಕೆಳಗೆ ರಸ್ತೆಯಲ್ಲೇ ಗುಂಪು ಕಟ್ಟಬೇಡಿ. ಹಿಂದಿನ ಲಾರಿಯವನಿಗೂ ಆ ಮಳೆಯಲ್ಲಿ ಏನೂ ಕಾಣುತ್ತಿರುವುದಿಲ್ಲ.

"ಮುಂಜಾನೆ ಮಂಜು, ರಾತ್ರಿ ಲೈಟು. ಯಾವುದು ಕಷ್ಟ?"

ಮಂಜು. ಚಳಿಗಾಲದಲ್ಲಿ ಕಿತ್ತೂರಿನ ಆಚೆ ಕೆಲವು ದಿನ ಎಂಟು ಗಂಟೆಗೂ ಎದುರಿನ ಗಾಡಿ ಕಾಣುವುದಿಲ್ಲ. ಡಿಪ್ ಲೈಟ್ ಹಾಕಿ; ಹೈ ಬೀಮ್ ಹಾಕಿದರೆ ಮಂಜೇ ಬೆಳಗುತ್ತದೆ. ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆದರೆ ದೃಷ್ಟಿಯನ್ನು ಎಡ ಅಂಚಿನ ಬಿಳಿ ಗೆರೆಗೆ ಇಳಿಸಿ, ವೇಗವನ್ನೂ ಇಳಿಸಿ.

ಹುಣ್ಣಿಮೆ, ಹಬ್ಬಗಳ ಹತ್ತಿರ ಇನ್ನೊಂದು ನೆನಪಿರಲಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನಿಗೆ, ಆಷಾಢ ಏಕಾದಶಿಗೆ ಪಂಢರಪುರಕ್ಕೆ, ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಜನ ನಡೆದು ಹೋಗುತ್ತಾರೆ. ಬಿಸಿಲು ತಪ್ಪಿಸಲು ನಸುಕಿನಲ್ಲೇ ಹೊರಡುತ್ತಾರೆ, ರಸ್ತೆಯ ಎಡ ಅಂಚಿನಲ್ಲೇ ಇರುತ್ತಾರೆ.

## ಸ್ವಲ್ಪ ಪಳಗಿದ ಮೇಲೆ

"ತವಂದಿ ಘಾಟಿನ ತಿರುವಿನಾಗ ಗಾಡಿ ಹೊರಗ ಹೋಗ್ತದ. ಎಲ್ಲಿ ತಪ್ಪಾಗ್ತೈತಿ?"

ಎರಡು ಕಡೆ. ಒಂದು, ತಿರುವಿನೊಳಗೆ ಹೋದ ಮೇಲೆ ಬ್ರೇಕ್ ಹಿಡಿಯುತ್ತಿದ್ದೀರಿ. ಆ ಕೆಲಸ ತಿರುವಿಗೆ ಮುಂಚೆಯೇ, ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು. ಎರಡು, ಎಲ್ಲಿ ಬೀಳುತ್ತೇನೋ ಅಂತ ಹೆದರಿಕೆಯೋ ಅಲ್ಲೇ ನೋಡುತ್ತಿದ್ದೀರಿ. ಕಣ್ಣು ಹೋದಲ್ಲಿ ಗಾಡಿ ಹೋಗುತ್ತದೆ. ತಡೆಗೋಡೆ ನೋಡಿದರೆ ತಡೆಗೋಡೆಗೆ.

ಇನ್ನೊಂದು ಗುಟ್ಟು ಕೇಳಿದರೆ ಸುಳ್ಳು ಅನಿಸುತ್ತದೆ. ಓಡುವ ಬೈಕ್ ಬಲಕ್ಕೆ ತಿರುಗಬೇಕಿದ್ದರೆ ಬಲಗೈ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ದೂಡಬೇಕು. ಚಕ್ರ ಕ್ಷಣ ಮಾತ್ರ ಎಡಕ್ಕೆ ಹೊರಳಿ, ಗಾಡಿ ಬಲಕ್ಕೆ ವಾಲಿ, ಬಲಕ್ಕೆ ತಿರುಗುತ್ತದೆ. ನೀವು ಗೊತ್ತಿಲ್ಲದೇ ಇದನ್ನು ದಿನಾ ಮಾಡುತ್ತಿದ್ದೀರಿ. ಖಾಲಿ ರಸ್ತೆಯಲ್ಲಿ 40ರಲ್ಲಿ, ಒಂದೇ ಬೆರಳಿನಷ್ಟು ಬಲ ಹಾಕಿ ನೋಡಿ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಪೆಟ್ರೋಲ್ ಉಳಿಸುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

"ಹೆಂಡತಿ ಕೂಡ ಕೊಲ್ಹಾಪುರ ಮಹಾಲಕ್ಷ್ಮಿಗೆ ಹೋಗಬೇಕು. ಆಗ್ತದೇನು?"

ಸುಮಾರು 110 ಕಿ.ಮೀ. ಒಬ್ಬರೇ ನಾಲ್ಕೈದು ಸಲ ಹೈವೇ ಓಡಾಡಿದ ಮೇಲೆ ಆಗುತ್ತದೆ. ಹಿಂದಿನ ಟೈರಿಗೆ ಇಬ್ಬರ ಲೆಕ್ಕದ ಗಾಳಿ, ನಿಲ್ಲಿಸಲು ಜಾಸ್ತಿ ದೂರ, ದಾಟಲು ಜಾಸ್ತಿ ಸಮಯ. ಅವರಿಗೂ ಹೆಲ್ಮೆಟ್, ಎರಡೂ ಕಡೆ ಕಾಲು ಹಾಕಿ ಕೂಡಬೇಕು. ಸೀರೆ ಸೆರಗು, ಓಢಣಿ ಚೈನಿಗೆ ಸಿಗದಂತೆ ಸಿಕ್ಕಿಸಿ. 50 ಕಿಲೋಮೀಟರಿಗೊಮ್ಮೆ ನಿಲ್ಲಿ, ಅವರು ಕೇಳುವ ಮುಂಚೆಯೇ. ಮಧ್ಯಾಹ್ನ ಡಾಬಾದಲ್ಲಿ ಹೊಟ್ಟೆ ತುಂಬ ಉಂಡು ಕೂಡಲೇ ಹೊರಟರೆ ಕಣ್ಣು ಎಳೆಯುತ್ತದೆ. ಬೈಕಿನ ಮೇಲೆ ನಿದ್ದೆ ಬರಲ್ಲ ಅನ್ನುವವರು ಇನ್ನೂ ದೂರ ಓಡಿಸಿಲ್ಲ.

"ಆಕ್ಸಿಡೆಂಟ್ ಕಂಡ್ರ ನಿಲ್ಲಬೇಕೋ ಬ್ಯಾಡೋ? ಪೊಲೀಸರು ನಮ್ಮನ್ನ ಹಿಡದ್ರ?"

ನಿಲ್ಲಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೇ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಇಷ್ಟ ಇಲ್ಲದಿದ್ದರೆ ಹೆಸರು ಹೇಳಬೇಕಿಲ್ಲ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗೆ ಏಳು ದಿನದ ತನಕ ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕೇಳದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ ಇದೆ.

ಮೊದಲು ನಿಮ್ಮ ಗಾಡಿಯನ್ನು ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ. ಬಿದ್ದವರ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕತ್ತಿಗೆ ಪೆಟ್ಟಾಗಿರಬಹುದು. ಗಾಜು ಎತ್ತಿ ಉಸಿರಾಟ ನೋಡಿ. ಆಂಬುಲೆನ್ಸಿಗೆ 108, ಹೆದ್ದಾರಿ ಸಹಾಯಕ್ಕೆ 1033, ಪೊಲೀಸರಿಗೆ 112. ಫೋನಿನಲ್ಲಿ "ಕಿತ್ತೂರ ಹತ್ರ" ಅಂದರೆ ಸಾಲದು. ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಓದಿ ಹೇಳಿ. ಬೆಳಗಾವಿಗೆ ಹೋಗುವ ಬದಿಯೋ ಧಾರವಾಡಕ್ಕೆ ಹೋಗುವ ಬದಿಯೋ ಅದನ್ನೂ ಹೇಳಿ. ಬದಿ ತಪ್ಪಿದರೆ ಆಂಬುಲೆನ್ಸ್ ಡಿವೈಡರಿನ ಆಚೆ ಬಂದು ನಿಲ್ಲುತ್ತದೆ, ತಿರುಗಿ ಬರಲು ಮುಂದಿನ ಅಂಡರ್‌ಪಾಸ್ ತನಕ ಹೋಗಬೇಕಾಗುತ್ತದೆ.